ಶಿವರಾತ್ರಿ ಮುಗಿದರೂ ಸ್ವೆಟರ್ ಬೇಕು: ಮಾರ್ಚ್‌ನಲ್ಲಿ ಡೆತ್ ವ್ಯಾಲಿಯಿಂದ ಗ್ರ್ಯಾಂಡ್ ಕ್ಯಾನಿಯನ್‌ವರೆಗೆ

ಪ್ರಶ್ನೆ: ನಾನು ಚಿಂತಾಮಣಿಯ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ವಯಸ್ಸು 64. ಮಗಳು, ಅಳಿಯ ಅಮೆರಿಕದ ಫೀನಿಕ್ಸ್‌ನಲ್ಲಿದ್ದಾರೆ. ಮಾರ್ಚ್ ಮೊದಲ ವಾರ ನಾನು ಮತ್ತು ನಮ್ಮ ಮನೆಯವರು ಹೊರಡುತ್ತಿದ್ದೇವೆ. ಅಳಿಯನಿಗೆ 8 ದಿನ ರಜೆ ಸಿಗುತ್ತದೆ. ಡೆತ್ ವ್ಯಾಲಿ, ಜೋಶುವಾ ಟ್ರೀ, ಯೊಸೆಮಿಟಿ, ಝಯಾನ್, ಬ್ರೈಸ್, ಆರ್ಚಸ್, ಗ್ರ್ಯಾಂಡ್ ಕ್ಯಾನಿಯನ್ ಅಂತ ಅಲ್ಲಿಯ ನ್ಯಾಷನಲ್ ಪಾರ್ಕ್‌ಗಳ ಪಟ್ಟಿ ಮಾಡಿದ್ದೇವೆ. ಮನೆಯವರಿಗೆ ಮಂಡಿ ನೋವು, ಬಿಪಿ ಮಾತ್ರೆ ತಗೊಳ್ತಾರೆ. ಮೊಮ್ಮಗನಿಗೆ 4 ವರ್ಷ. ಮಾರ್ಚ್ ಅಂದರೆ ಅಲ್ಲೂ ಬಿಸಿಲು ಶುರುವಾಗಿರುತ್ತೆ ಅಲ್ವಾ, ಅದೂ ಮರುಭೂಮಿ ಬೇರೆ. ಸ್ವೆಟರ್ ಹೊತ್ತುಕೊಂಡು ಹೋಗಬೇಕಾ? ಯಾವ ಕ್ರಮದಲ್ಲಿ ನೋಡಿದರೆ ಒಳ್ಳೇದು?

ಉತ್ತರ: ನಮಸ್ಕಾರ ಮೇಷ್ಟ್ರೇ. ಮೊದಲು ಸ್ವೆಟರ್ ವಿಷಯ ಮುಗಿಸೋಣ. ಬೇಕು. ಒಂದಲ್ಲ, ಅದರ ಮೇಲೆ ಗಾಳಿ ತಡೆಯುವ ಜಾಕೆಟ್ಟೂ ಬೇಕು, ಮಂಕಿ ಟೋಪಿಯೂ ಬೇಕು. ಅದೇ ಪೆಟ್ಟಿಗೆಯಲ್ಲಿ ತೆಳು ಹತ್ತಿ ಅಂಗಿ ಮತ್ತು ಬಿಸಿಲಿನ ಟೋಪಿಯೂ ಇರಬೇಕು.

ನಮ್ಮ ಕಡೆ ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೊರಟು ಹೋಗುತ್ತೆ ಅಂತಾರೆ. ಆ ಲೆಕ್ಕದಲ್ಲಿ ಮಾರ್ಚ್ ಅಂದರೆ ಬೇಸಿಗೆಯೇ. ನಾನು ತುಮಕೂರಿನವನು, ಒಂಬತ್ತು ವರ್ಷ ಲಾಸ್ ವೇಗಸ್‌ನಲ್ಲಿ ಕೆಲಸ ಮಾಡಿದೆ. ಈಗ ಸಿರಾ ಗೇಟ್ ಹತ್ತಿರ ಕೂತು, ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗುವ ನಮ್ಮ ಜಿಲ್ಲೆಗಳ ಅಪ್ಪ ಅಮ್ಮಂದಿರಿಗೆ ಪ್ರವಾಸದ ಪ್ಲಾನ್ ಬರೆದುಕೊಡುತ್ತೇನೆ. ನೀವು ಕೇಳಿದ ಈ ಪ್ರಶ್ನೆಯನ್ನು ಎಷ್ಟು ಜನ ಕೇಳಿದ್ದಾರೋ ಲೆಕ್ಕವಿಲ್ಲ. ಎಲ್ಲರಿಗೂ ನಾನು ಹೇಳುವುದು ಒಂದೇ: ಆ ಕಡೆಯ ಪಾರ್ಕ್‌ಗಳಿಗೆ ಮಾರ್ಚ್‌ನಲ್ಲಿ ಹೋಗುವಾಗ ತಾರೀಖು ನೋಡಬೇಡಿ, ಎತ್ತರ ನೋಡಿ. ಬಟ್ಟೆ, ದಾರಿ, ರೂಮು, ಯಾವ ದಿನ ಎಲ್ಲಿ ಅನ್ನೋದು, ಎಲ್ಲವೂ ಎತ್ತರದ ಮೇಲೆ ನಿಂತಿದೆ.

ನಿಮಗೆ ನಂದಿ ಬೆಟ್ಟ ಹೊಸದಲ್ಲ. ಚಿಕ್ಕಬಳ್ಳಾಪುರದಲ್ಲಿ ಅಂಗಿ ಸಾಕು ಅನ್ನಿಸಿದ ಬೆಳಿಗ್ಗೆ, ಮೇಲೆ ಹೋದರೆ ಮಂಜು, ಗಾಳಿ, ಹಲ್ಲು ಕಟಕಟ. ಆ ವ್ಯತ್ಯಾಸ ಬಂದಿದ್ದು ಐದಾರು ನೂರು ಮೀಟರ್ ಎತ್ತರದಿಂದ ಅಷ್ಟೇ. ನಂದಿ 1,478 ಮೀಟರ್. ಈಗ ನಿಮ್ಮ ಪಟ್ಟಿಗೆ ಬನ್ನಿ. ಡೆತ್ ವ್ಯಾಲಿಯ ಬ್ಯಾಡ್‌ವಾಟರ್ ಅನ್ನುವ ಉಪ್ಪಿನ ಬಯಲು ಸಮುದ್ರ ಮಟ್ಟಕ್ಕಿಂತ 86 ಮೀಟರ್ ಕೆಳಗಿದೆ. ಝಯಾನ್ ಕಣಿವೆಯ ತಳ ಸುಮಾರು 1,200 ಮೀಟರ್, ಅಂದರೆ ನಮ್ಮ ಮಧುಗಿರಿ ಬೆಟ್ಟದ ನೆತ್ತಿಯಷ್ಟು. ಗ್ರ್ಯಾಂಡ್ ಕ್ಯಾನಿಯನ್‌ನ ದಕ್ಷಿಣ ಅಂಚು ಸುಮಾರು 2,100 ಮೀಟರ್. ನಮ್ಮ ರಾಜ್ಯದಲ್ಲೇ ಎಲ್ಲಕ್ಕಿಂತ ಎತ್ತರದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಅಂದರೆ ನೀವು ಅಲ್ಲಿ ಕಾರು ನಿಲ್ಲಿಸಿ ಬಾಗಿಲು ತೆಗೆದು ಕಾಲಿಡುವ ಜಾಗವೇ ಮುಳ್ಳಯ್ಯನಗಿರಿಗಿಂತ ಮೇಲೆ. ಬ್ರೈಸ್ ಇನ್ನೂ ಮೇಲೆ, ಅಂಚು 2,400ರಿಂದ ಶುರುವಾಗಿ 2,770 ಮೀಟರ್ ದಾಟುತ್ತದೆ.

ಹಾಗಾಗಿ ಒಂದೇ ವಾರದಲ್ಲಿ ಡೆತ್ ವ್ಯಾಲಿ ತಳದಲ್ಲಿ ಮಧ್ಯಾಹ್ನ 27-28 ಡಿಗ್ರಿ ಇದ್ದರೆ, ಝಯಾನ್‌ನಲ್ಲಿ 17ರ ಆಸುಪಾಸು, ಗ್ರ್ಯಾಂಡ್ ಕ್ಯಾನಿಯನ್ ಅಂಚಲ್ಲಿ 10-11, ಬ್ರೈಸ್‌ನಲ್ಲಿ ಹಗಲು ಏಳೆಂಟು ಡಿಗ್ರಿ, ರಾತ್ರಿ ಮೈನಸ್ 7-8. ಇದು ಮಾರ್ಚ್‌ನ ಸರಾಸರಿ. ಹಿಮ ಬಿದ್ದ ದಿನದ ಮಾತು ಬೇರೆ.

ಇದನ್ನು ನಾನು ಕಲಿತದ್ದು ನಮ್ಮ ಅಮ್ಮನನ್ನು ಕರೆದುಕೊಂಡು ಹೋದಾಗ. ಅದೂ ಮಾರ್ಚ್ ತಿಂಗಳೇ. ಎರಡು ದಿನ ಡೆತ್ ವ್ಯಾಲಿ ಬಿಸಿಲಲ್ಲಿ ಸುತ್ತಿ, ಮೂರನೇ ದಿನ ಬ್ರೈಸ್‌ಗೆ ಹೋದೆವು. ಅಮ್ಮ ಹತ್ತಿ ಸೀರೆ ಉಟ್ಟಿದ್ದರು, ಮೇಲೊಂದು ಶಾಲು, ಕಾಲಿಗೆ ಚಪ್ಪಲಿ. ಬ್ಯಾಗಿನಲ್ಲಿ ಇದ್ದ ಒಂದೇ ಸ್ವೆಟರ್ ಲಾಸ್ ವೇಗಸ್‌ನ ಮನೆಯಲ್ಲೇ ಉಳಿದಿತ್ತು, ಯಾಕಂದ್ರೆ ಬೇಡ ಬಿಡಮ್ಮ ಅಂತ ನಾನೇ ಹೇಳಿದ್ದೆ. ಸನ್‌ಸೆಟ್ ಪಾಯಿಂಟ್‌ನ ಪಾರ್ಕಿಂಗ್‌ನಲ್ಲಿ ಹಗಲು ಕರಗಿದ ಹಿಮ ರಾತ್ರಿ ಮತ್ತೆ ಹೆಪ್ಪುಗಟ್ಟಿ ಗಾಜಿನ ಹಾಗೆ ಕೂತಿತ್ತು. ಮೇಲೆ ತೆಳ್ಳಗೆ ನೀರು, ಕೆಳಗೆ ಮಂಜುಗಡ್ಡೆ. ಅಮ್ಮ ನನ್ನ ತೋಳು ಬಿಗಿಯಾಗಿ ಹಿಡಿದು ನಾಲ್ಕು ಹೆಜ್ಜೆ ಇಟ್ಟರು. ಕಾಲು ಬೆರಳು ಕೆಂಪಾಗಿ ಆಮೇಲೆ ಬಿಳಿಚಿಕೊಂಡವು. "ಚೆನ್ನಾಗಿದೆ ಕಣಪ್ಪ, ನಡಿ ಹೋಗೋಣ" ಅಂದರು. ಹತ್ತು ನಿಮಿಷವೂ ಆಗಿರಲಿಲ್ಲ. ಅಷ್ಟು ದೂರ ಕರೆದುಕೊಂಡು ಬಂದು, ಆ ಕೆಂಪು ಕಲ್ಲಿನ ಕಂಬಗಳನ್ನು ಅವರು ನೋಡಿದ್ದು ಹೆಚ್ಚಾಗಿ ಕಾರಿನ ಗಾಜಿನೊಳಗಿಂದ. ಅದು ನನ್ನ ತಪ್ಪು, ಇವತ್ತಿಗೂ ಮನಸ್ಸಿಗೆ ನೋವಿದೆ. ನಿಮ್ಮ ಮನೆಯವರಿಗೆ ಹಾಗಾಗಬಾರದು.

ಈಗ ಪಟ್ಟಿ. ಏಳು ಪಾರ್ಕ್, ಎಂಟು ದಿನ, ಜೊತೆಗೆ ನಾಲ್ಕು ವರ್ಷದ ಮಗು. ಆಗಲ್ಲ ಮೇಷ್ಟ್ರೇ. ಮ್ಯಾಪಿನಲ್ಲಿ ಪಕ್ಕಪಕ್ಕ ಕಾಣುತ್ತವೆ, ಆದರೆ ಒಂದೊಂದರ ನಡುವೆ ಎರಡು ಮೂರು ಗಂಟೆ, ಕೆಲವು ಕಡೆ ಐದು ಗಂಟೆ ದಾರಿ. ಮೂರನ್ನು ಬಿಡಿ.

ಯೊಸೆಮಿಟಿ ಮೊದಲು ಬಿಡಿ. ಡೆತ್ ವ್ಯಾಲಿಯಿಂದ ಅಲ್ಲಿಗೆ ಹತ್ತಿರದ ದಾರಿ ಟಯೋಗಾ ರಸ್ತೆ, ಅದು 3,000 ಮೀಟರ್ ಎತ್ತರದಲ್ಲಿ ಬೆಟ್ಟ ದಾಟುವ ದಾರಿ. ಚಳಿಗಾಲದಲ್ಲಿ ಹಿಮ ಬಿದ್ದು ಮುಚ್ಚುತ್ತದೆ, ಮೇ ಕೊನೆಗೋ ಜೂನ್‌ಗೋ ತೆಗೆಯುತ್ತಾರೆ. ಮಾರ್ಚ್‌ನಲ್ಲಿ ಹೋಗಬೇಕಾದರೆ ಇಡೀ ಸಿಯೆರಾ ಬೆಟ್ಟ ಸಾಲನ್ನು ಸುತ್ತು ಹಾಕಬೇಕು, ಒಂದು ದಿನ ಪೂರ್ತಿ ಕಾರಿನಲ್ಲೇ. ಮ್ಯಾಪ್ ನೋಡಿ ಪ್ಲಾನ್ ಮಾಡುವವರು ಇಲ್ಲೇ ಎಡವುತ್ತಾರೆ. ಆರ್ಚಸ್ ಪೂರ್ವಕ್ಕೆ ತುಂಬಾ ದೂರ, ನಿಮ್ಮ ಸುತ್ತಿಗೆ ಹೊಂದುವುದಿಲ್ಲ. ಜೋಶುವಾ ಟ್ರೀ ಒಳ್ಳೆಯ ಜಾಗ, ಆದರೆ ಫೀನಿಕ್ಸ್‌ನಿಂದ ನಾಲ್ಕು ಗಂಟೆಯಷ್ಟೇ. ಅಳಿಯಂದಿರ ವಾರದ ರಜೆಯಲ್ಲಿ ಬೇರೆಯಾಗಿ ಹೋಗಿ ಬನ್ನಿ. ಒಳಗೆ ಹೆಚ್ಚಿನ ಕಡೆ ನೀರು ಸಿಗುವುದಿಲ್ಲ, ಪೆಟ್ರೋಲಂತೂ ಇಲ್ಲವೇ ಇಲ್ಲ, ಅದೊಂದು ನೆನಪಿರಲಿ. ಅಲ್ಲಿಯ ಚೋಯಾ ಕಳ್ಳಿ ಗಿಡದ ಹತ್ತಿರ ಮೊಮ್ಮಗನ ಕೈ ಬಿಡಬೇಡಿ. ದೂರದಿಂದ ನೋಡಿದರೆ ಹತ್ತಿ ಉಂಡೆ ಇದ್ದ ಹಾಗೆ ಇರುತ್ತೆ, ಮುಟ್ಟಿದರೆ ಕೊಂಬೆಯೇ ಕಿತ್ತು ಕೈಗೆ ಅಂಟಿಕೊಳ್ಳುತ್ತೆ.

ಉಳಿದದ್ದು ನಾಲ್ಕು: ಡೆತ್ ವ್ಯಾಲಿ, ಝಯಾನ್, ಬ್ರೈಸ್, ಗ್ರ್ಯಾಂಡ್ ಕ್ಯಾನಿಯನ್. ಇದೇ ಕ್ರಮದಲ್ಲಿ ಹೋಗಿ. ಹೆಚ್ಚಿನವರು ಫೀನಿಕ್ಸ್‌ಗೆ ಹತ್ತಿರ ಅಂತ ಗ್ರ್ಯಾಂಡ್ ಕ್ಯಾನಿಯನ್‌ನಿಂದ ಶುರು ಮಾಡುತ್ತಾರೆ. ನಾನು ಉಲ್ಟಾ ಹೇಳುತ್ತೇನೆ, ಯಾಕಂದ್ರೆ ಕೆಳಗಿನಿಂದ ಮೇಲಕ್ಕೆ ಹೋದರೆ ಎರಡು ಲಾಭ. ಎತ್ತರದ ಜಾಗಗಳಿಗೆ ನಾಲ್ಕೈದು ದಿನ ತಡವಾಗಿ ತಲುಪುತ್ತೀರಿ, ಮಾರ್ಚ್‌ನಲ್ಲಿ ಅಷ್ಟರಲ್ಲೇ ದಾರಿಯ ಹಿಮ ಎಷ್ಟೋ ಕಡಿಮೆಯಾಗುತ್ತದೆ. ಎರಡನೆಯದು, ಮೈಗೆ ಎತ್ತರ ಒಗ್ಗಲು ಸಮಯ ಸಿಗುತ್ತದೆ. 2,400 ಮೀಟರ್‌ನಲ್ಲಿ ಕೆಲವರಿಗೆ ತಲೆನೋವು, ಏದುಸಿರು ಬರುವುದು ಸಾಮಾನ್ಯ. ಇನ್ನೊಂದು ಮಾತು, ಇಳಿದ ಮೂರನೇ ದಿನವೇ ಹೊರಡಬೇಡಿ. ನಮಗೂ ಫೀನಿಕ್ಸ್‌ಗೂ ಹನ್ನೆರಡೂವರೆ ಗಂಟೆ ವ್ಯತ್ಯಾಸ, ಹಗಲು ರಾತ್ರಿಯೇ ಅದಲು ಬದಲು. ಐದಾರು ದಿನ ಮಗಳ ಮನೆಯಲ್ಲಿ ಸುಧಾರಿಸಿಕೊಂಡು, ಎರಡನೇ ವಾರ ಹೊರಡಿ.

ಮೊದಲ ದಿನ ಫೀನಿಕ್ಸ್‌ನಿಂದ ಲಾಸ್ ವೇಗಸ್, ಸುಮಾರು 480 ಕಿಲೋಮೀಟರ್, ಐದು ಗಂಟೆ. ದಾರಿಯಲ್ಲಿ ಹೂವರ್ ಡ್ಯಾಮ್ ಸಿಗುತ್ತದೆ, ಒಂದು ಗಂಟೆ ಇಳಿದು ನೋಡಿ, 221 ಮೀಟರ್ ಎತ್ತರದ ಕಟ್ಟೆ.

ಎರಡನೇ ದಿನ ಡೆತ್ ವ್ಯಾಲಿ. ವೇಗಸ್‌ನಿಂದ ಎರಡೂವರೆ ಗಂಟೆ. ದಾರಿಯಲ್ಲಿ ಪಹ್ರಂಪ್ ಅನ್ನುವ ಊರಲ್ಲಿ ಟ್ಯಾಂಕ್ ಫುಲ್ ಮಾಡಿಸಿ, ಒಳಗೆ ಪೆಟ್ರೋಲ್ ಇದೆ, ಆದರೆ ರೇಟು ತುಂಬಾ ಜಾಸ್ತಿ. ಮ್ಯಾಪನ್ನು ಫೋನಿಗೆ ಮೊದಲೇ ಇಳಿಸಿಕೊಳ್ಳಲು ಅಳಿಯಂದಿರಿಗೆ ಹೇಳಿ, ಪಾರ್ಕಿನ ಹೆಚ್ಚಿನ ಭಾಗದಲ್ಲಿ ನೆಟ್‌ವರ್ಕ್ ಇಲ್ಲ. ಫೋನು ಹತ್ತಿರದ ದಾರಿ ಅಂತ ಮಣ್ಣು ರಸ್ತೆ ತೋರಿಸಿದರೆ ಯಾವ ಕಾರಣಕ್ಕೂ ಇಳಿಯಬೇಡಿ. ಡಾಂಬರು ಬಿಡಬೇಡಿ.

ಮೊದಲು ಡಾಂಟೆಸ್ ವ್ಯೂಗೆ ಹೋಗಿ. ಕಾರು ನೇರ ಮೇಲಕ್ಕೆ ಹೋಗುತ್ತದೆ, ನಡೆಯುವುದು ಏನೂ ಇಲ್ಲ. ಅದು 1,669 ಮೀಟರ್. ಸರಿಯಾಗಿ ಕೆಳಗೆ, ಬೆಳ್ಳಗೆ ಹರಡಿದ ರಂಗೋಲಿ ಪುಡಿ ಚೆಲ್ಲಿದ ಹಾಗೆ ಕಾಣುವುದೇ ಬ್ಯಾಡ್‌ವಾಟರ್. ಮೇಲೆ ಗಾಳಿ ಹೊಡೆದು ಸ್ವೆಟರ್ ಬೇಕು ಅನ್ನಿಸುತ್ತದೆ. ಒಂದು ಗಂಟೆ ಬಿಟ್ಟು ಅದೇ ಬಿಳಿ ಬಯಲಿಗೆ ಇಳಿದಾಗ ಸ್ವೆಟರ್ ತೆಗೆದು ಅಂಗಿ ತೋಳು ಮಡಚುತ್ತೀರಿ. ಎತ್ತರ ಅಂದರೆ ಏನು ಅನ್ನೋದು ಒಂದೇ ಮಧ್ಯಾಹ್ನದಲ್ಲಿ ಮೈಗೆ ಗೊತ್ತಾಗುತ್ತದೆ. ಬ್ಯಾಡ್‌ವಾಟರ್‌ನಲ್ಲಿ ನಿಂತು ಹಿಂದಿನ ಬಂಡೆ ನೋಡಿ, ತಲೆ ಎತ್ತಿದರೆ ತುಂಬಾ ಮೇಲೆ ಒಂದು ಸಣ್ಣ ಬಿಳಿ ಫಲಕ ಇದೆ. ಸಮುದ್ರ ಮಟ್ಟ ಅಂತ ಬರೆದಿದೆ. ಸಮುದ್ರ ಇಲ್ಲಿಗೆ ಬಂದರೆ ನೀರು ಅಷ್ಟು ಎತ್ತರಕ್ಕೆ ನಿಲ್ಲುತ್ತಿತ್ತು ಅಂತ ಮೊಮ್ಮಗನಿಗೆ ತೋರಿಸಿ. ಎದುರಿಗೆ ತಿರುಗಿದರೆ 3,368 ಮೀಟರ್‌ನ ಟೆಲಿಸ್ಕೋಪ್ ಶಿಖರ, ಮಾರ್ಚ್‌ನಲ್ಲಿ ಅದರ ತಲೆ ಮೇಲೆ ಹಿಮ. ಕಾಲಡಿ ಉಪ್ಪು, ಕಣ್ಣೆದುರು ಹಿಮ.

ನೀರಿನ ವಿಷಯ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಜಗತ್ತಿನಲ್ಲೇ ದಾಖಲಾದ ಅತಿ ಹೆಚ್ಚು ಗಾಳಿಯ ಬಿಸಿ ಇಲ್ಲಿಯದು, 1913ರ ಜುಲೈ 10ರಂದು 56.7 ಡಿಗ್ರಿ. ಮಾರ್ಚ್‌ನಲ್ಲಿ ಆ ಭಯ ಇಲ್ಲ. 28 ಡಿಗ್ರಿ ನಮಗೆ ಏನೂ ಅಲ್ಲ, ಕೋಲಾರದಲ್ಲಿ ಏಪ್ರಿಲ್‌ಗೆ ಅದಕ್ಕಿಂತ ಎಷ್ಟೋ ಜಾಸ್ತಿ ನೋಡಿದ್ದೇವೆ. ಮೋಸ ಇರುವುದು ಅಲ್ಲೇ. ಅಲ್ಲಿಯ ಗಾಳಿ ಎಷ್ಟು ಒಣ ಅಂದರೆ ಬೆವರು ಬಂದದ್ದೇ ಗೊತ್ತಾಗುವುದಿಲ್ಲ, ಬಂದ ಹಾಗೇ ಆರಿಹೋಗುತ್ತದೆ. ಸಂಜೆ ಅಂಗಿ ಬಿಚ್ಚಿದಾಗ ಬೆನ್ನಲ್ಲಿ ಬಿಳೀ ಉಪ್ಪಿನ ಗೆರೆ ನೋಡಿದ ಮೇಲೆ ಗೊತ್ತಾಗುತ್ತೆ ಎಷ್ಟು ನೀರು ಹೋಗಿದೆ ಅಂತ. ಆ ಕಣಿವೆಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 55 ಮಿಲಿಮೀಟರ್. ನಮ್ಮ ಪಾವಗಡದಂಥ ಬರದ ಸೀಮೆಗೂ ಅದರ ಎಂಟ್ಹತ್ತು ಪಟ್ಟು ಬೀಳುತ್ತದೆ. ಬರದ ಸೀಮೆಯವರಾದ ನಮಗೆ ಮರುಭೂಮಿ ಏನು ಮಹಾ ಅನ್ನಿಸಬಹುದು, ಆದರೆ ಅದು ಬೇರೆಯೇ ಲೋಕ. ಪಾರ್ಕಿನವರು ಹೇಳುವುದು ತಲೆಗೆ ದಿನಕ್ಕೆ 4 ಲೀಟರ್. ಕಾರಿನ ಡಿಕ್ಕಿಯಲ್ಲಿ ಒಂದು ಕೇಸ್ ನೀರು ಯಾವಾಗಲೂ ಇರಲಿ. ಬಾಯಾರಿಕೆ ಆಗಲಿ ಅಂತ ಕಾಯಬೇಡಿ. ನಿಮ್ಮ ಮನೆಯವರ ಬಿಪಿ ಮಾತ್ರೆಯಲ್ಲಿ ಮೂತ್ರ ಜಾಸ್ತಿ ಮಾಡಿಸುವ ಔಷಧಿ ಇದೆಯಾ ಅಂತ ಹೊರಡುವ ಮೊದಲು ಡಾಕ್ಟರನ್ನು ಕೇಳಿ, ಒಣ ಹವೆಗೂ ಎತ್ತರಕ್ಕೂ ಹೋಗುತ್ತಿದ್ದೇವೆ ಅಂತ ಬಾಯಿಬಿಟ್ಟು ಹೇಳಿ. ಮೂಗಿನ ಒಳಗೆ, ತುಟಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿಕೊಂಡರೆ ಒಡೆದು ರಕ್ತ ಬರುವುದು ತಪ್ಪುತ್ತದೆ.

ಹೂವಿನ ಆಸೆ ಇದ್ದರೆ ಇದೇ ಕಾಲ. ಫೆಬ್ರವರಿ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ ತಗ್ಗು ಜಾಗಗಳಲ್ಲಿ ಅರಳುತ್ತವೆ. ಎಲ್ಲಾ ವರ್ಷ ಅಲ್ಲ, ಹಿಂದಿನ ಮಳೆ ಹೇಗಿತ್ತು ಅನ್ನೋದರ ಮೇಲೆ. 2005, 2016ರಲ್ಲಿ ಇಡೀ ಬಯಲು ಹಳದಿಯಾಗಿತ್ತು. ಡೆಸರ್ಟ್ ಗೋಲ್ಡ್ ಅನ್ನುವ ಆ ಹೂವನ್ನು ಬಗ್ಗಿ ನೋಡಿದರೆ ನಮ್ಮ ಹುಚ್ಚೆಳ್ಳು ಹೂವೇ ನೆನಪಾಗುತ್ತದೆ, ಮೊಣಕಾಲೆತ್ತರದ ಕಡ್ಡಿ ತುದಿಯಲ್ಲಿ ಅದೇ ಹಳದಿ. ಕೀಳಬೇಡಿ, ಪಾರ್ಕ್‌ನಲ್ಲಿ ಅದು ಅಪರಾಧ.

ರಾತ್ರಿ ಅಲ್ಲೇ ಉಳಿಯಿರಿ, ಫರ್ನೆಸ್ ಕ್ರೀಕ್‌ನಲ್ಲಿ. ರೂಮ್ ಸಿಗದಿದ್ದರೆ ಮುಕ್ಕಾಲು ಗಂಟೆ ದೂರದ ಬೀಟಿ ಊರಿನಲ್ಲಿ, ಅಲ್ಲಿ ಕಡಿಮೆಗೆ ಸಿಗುತ್ತದೆ. ಉಳಿಯಿರಿ ಅನ್ನುವುದು ಆಕಾಶಕ್ಕಾಗಿ. ಅಷ್ಟು ಕತ್ತಲೆ ಆಕಾಶ ನಮ್ಮ ಕಡೆ ಈಗ ಎಲ್ಲೂ ಉಳಿದಿಲ್ಲ. ತಾರೀಖು ಗಟ್ಟಿ ಮಾಡುವ ಮೊದಲು ಪಂಚಾಂಗ ತೆಗೆಯಿರಿ. ಶಿವರಾತ್ರಿಯ ಆಸುಪಾಸು, ಯುಗಾದಿಯ ಹಿಂದಿನ ದಿನಗಳು ಅಮಾವಾಸ್ಯೆಯ ಕತ್ತಲು, ನಕ್ಷತ್ರಕ್ಕೆ ಅದು ಸರಿ. ಹೋಳಿ ಹುಣ್ಣಿಮೆಗೆ ಸಿಕ್ಕಿದರೆ ನಕ್ಷತ್ರ ಕಡಿಮೆ, ಆದರೆ ಮರಳು ದಿಬ್ಬಗಳ ಮೇಲೆ ಬೆಳದಿಂಗಳು. ಎರಡೂ ಚೆಂದವೇ.

ಮೂರನೇ ದಿನ ನಸುಕಿನಲ್ಲಿ ಮೆಸ್ಕೀಟ್ ಫ್ಲ್ಯಾಟ್ ಮರಳು ದಿಬ್ಬಗಳಿಗೆ ಹೋಗಿ. ಮೊಮ್ಮಗನಿಗೆ ಇಡೀ ಪ್ರವಾಸದಲ್ಲಿ ಇದಕ್ಕಿಂತ ಇಷ್ಟವಾಗುವ ಜಾಗ ಇನ್ನೊಂದಿಲ್ಲ, ಬರಿಗಾಲಲ್ಲಿ ಬಿಟ್ಟುಬಿಡಿ, ಬೆಳಿಗ್ಗೆ ಮರಳು ತಣ್ಣಗಿರುತ್ತದೆ. ಆಮೇಲೆ ದೀರ್ಘ ದಾರಿ. ವೇಗಸ್ ದಾಟಿ ಸೇಂಟ್ ಜಾರ್ಜ್‌ವರೆಗೆ ನಾಲ್ಕೂವರೆ ಗಂಟೆ, ಅಲ್ಲೇ ಮಲಗಿ. ಅವತ್ತು ಇನ್ನೇನೂ ಇಟ್ಟುಕೊಳ್ಳಬೇಡಿ.

ನಾಲ್ಕನೇ ದಿನ ಝಯಾನ್. ಸುಮಾರು ಒಂದು ಗಂಟೆ ದಾರಿ. ಮಾರ್ಚ್‌ನಲ್ಲಿ ಶಟಲ್ ಬಸ್ ಶುರುವಾಗುತ್ತದೆ, ಶುರುವಾದ ಮೇಲೆ ಕಣಿವೆಯ ಒಳ ರಸ್ತೆಗೆ ಸ್ವಂತ ಕಾರು ಬಿಡುವುದಿಲ್ಲ. ಬಸ್‌ಗೆ ದುಡ್ಡಿಲ್ಲ, ಹತ್ತುವುದೂ ಸುಲಭ. ಆದರೆ ಪಾರ್ಕಿಂಗ್ ಬೆಳಿಗ್ಗೆಯೇ ತುಂಬುತ್ತದೆ, ಎಂಟರೊಳಗೆ ಅಲ್ಲಿರಿ. ನಿಮ್ಮ ಮನೆಯವರಿಗೆ ರಿವರ್‌ಸೈಡ್ ವಾಕ್ ಹೇಳಿ ಮಾಡಿಸಿದ ಹಾಗಿದೆ. ಹೋಗಿ ಬರಲು 3.5 ಕಿಲೋಮೀಟರ್, ಸಮತಟ್ಟಾದ ದಾರಿ, ಪಕ್ಕದಲ್ಲೇ ನದಿ, ಎಲ್ಲಿ ಬೇಕೋ ಅಲ್ಲಿಂದ ವಾಪಸ್ ಬರಬಹುದು. ದಾರಿ ಮುಗಿದಲ್ಲಿ ನದಿಗೆ ಇಳಿದು ನಡೆಯುವವರು ಕಾಣುತ್ತಾರೆ. ನೀವು ಇಳಿಯಬೇಡಿ. ಆ ನೀರು ಮೇಲಿನ ಹಿಮ ಕರಗಿ ಬಂದದ್ದು, ವಸಂತದಲ್ಲಿ ಹರಿವು ಜಾಸ್ತಿಯಾದಾಗ ಪಾರ್ಕಿನವರೇ ಮುಚ್ಚಿಬಿಡುತ್ತಾರೆ. ಅಳಿಯಂದಿರಿಗೆ ಏಂಜಲ್ಸ್ ಲ್ಯಾಂಡಿಂಗ್ ಅನ್ನುವ ಕಡಿದಾದ ಬಂಡೆ ಹತ್ತುವ ಆಸೆ ಇದ್ದರೆ 2022ರಿಂದ ಅದಕ್ಕೆ ಪರ್ಮಿಟ್ ಬೇಕು, ಲಾಟರಿ ಹಾಕುತ್ತಾರೆ. ಮಗು ಕರೆದುಕೊಂಡು ಹೋಗುವ ಜಾಗ ಅಲ್ಲ.

ಝಯಾನ್‌ನ ಆ ಕೆಂಪು ಬಿಳಿ ಗೋಡೆಗಳನ್ನು ಸುಮ್ನೆ ನೋಡಿ ಬರಬೇಡಿ ಮೇಷ್ಟ್ರೇ. ಅದು ಹೆಚ್ಚುಕಡಿಮೆ 18 ಕೋಟಿ ವರ್ಷ ಹಿಂದಿನ ಮರಳು ದಿಬ್ಬ. ಹಿಂದಿನ ದಿನ ಬೆಳಿಗ್ಗೆ ಮೊಮ್ಮಗ ಜಾರಿ ಆಡಿದ ದಿಬ್ಬದಂಥದ್ದೇ, ಹೂತು ಗಟ್ಟಿಯಾಗಿ ಕಲ್ಲಾಗಿದೆ. ಪೂರ್ವದ ಕಡೆ ಸುರಂಗ ದಾಟಿದ ಮೇಲೆ ಬಂಡೆಗಳ ಮೈಮೇಲೆ ಓರೆ ಓರೆ ಗೆರೆಗಳು ಕಾಣುತ್ತವೆ. ಗಾಳಿ ಬೀಸಿ ಮರಳು ಕೂತ ಗೆರೆಗಳೇ ಅವು. ಆ ಸುರಂಗ 1930ರಲ್ಲಿ ಕೊರೆದು ಮುಗಿಸಿದ್ದು, 1.8 ಕಿಲೋಮೀಟರ್ ಉದ್ದ.

ಈಗ ಇಡೀ ಪ್ಲಾನ್‌ನಲ್ಲಿ ನಾನು ತುಂಬಾ ಒತ್ತಿ ಹೇಳುವ ಮಾತು. ಬ್ರೈಸ್‌ನಲ್ಲಿ ಮಲಗಬೇಡಿ. ಕನಾಬ್ ಅನ್ನುವ ಸಣ್ಣ ಊರಲ್ಲಿ ಎರಡು ರಾತ್ರಿ ರೂಮ್ ಮಾಡಿ. ಅದು ಸುಮಾರು 1,500 ಮೀಟರ್, ನಮ್ಮ ನಂದಿ ಬೆಟ್ಟದಷ್ಟೇ ಎತ್ತರ, ರಾತ್ರಿ ಚಳಿ ಇದ್ದರೂ ತಡೆದುಕೊಳ್ಳಬಹುದು. ಝಯಾನ್‌ನ ಪೂರ್ವ ಬಾಗಿಲಿಗೆ ಮುಕ್ಕಾಲು ಗಂಟೆಯೊಳಗೆ, ಬ್ರೈಸ್‌ಗೆ ಒಂದೂವರೆ ಗಂಟೆ, ಮುಂದೆ ಪೇಜ್ ಊರಿಗೆ ಒಂದೂಕಾಲು ಗಂಟೆ. ಬ್ರೈಸ್ ಬಾಗಿಲಲ್ಲಿ ರೂಮ್ ಮಾಡಿ ರಾತ್ರಿ ಹಿಮ ಸುರಿದರೆ ಬೆಳಿಗ್ಗೆ ಕಾರಿನ ಗಾಜು ಕೆರೆಯುತ್ತಾ ನಿಲ್ಲಬೇಕು. ಕನಾಬ್‌ನಲ್ಲಿದ್ದರೆ ಹವಾಮಾನ ನೋಡಿಕೊಂಡು, ನಾಲ್ಕನೇ ದಿನವೇ ಬ್ರೈಸ್ ಕಡೆ ಬಿಸಿಲು, ಐದನೇ ದಿನ ಹಿಮ ಅಂತ ಇದ್ದರೆ ಎರಡನ್ನೂ ಅದಲು ಬದಲು ಮಾಡಿಕೊಳ್ಳಬಹುದು. ಕೆಳಗೆ ಮಲಗಿ, ಒಳ್ಳೇ ದಿನ ನೋಡಿ ಮೇಲೆ ಹೋಗಿ ಬನ್ನಿ.

ಐದನೇ ದಿನ ಬ್ರೈಸ್. ಅಲ್ಲಿ ಸನ್‌ಸೆಟ್ ಪಾಯಿಂಟ್‌ನಿಂದ ಸನ್‌ರೈಸ್ ಪಾಯಿಂಟ್‌ವರೆಗೆ ಅಂಚಿನ ಮೇಲೆ ಹಾಸಿದ ದಾರಿ ಇದೆ. 800 ಮೀಟರ್, ಏರಿಳಿತ ಕಡಿಮೆ. ಅಷ್ಟು ಸಾಕು, ಬಯಲು ರಂಗಮಂದಿರದ ಹಾಗಿರುವ ಇಡೀ ತಗ್ಗು ಕಣ್ಣಿಗೆ ಬೀಳುತ್ತದೆ. ಒಳಗೆ ಇಳಿಯುವ ನವಾಹೋ ಲೂಪ್ ಅನ್ನುವ ಕಾಲುದಾರಿಯ ವಾಲ್ ಸ್ಟ್ರೀಟ್ ಬದಿ ಚಳಿಗಾಲದಲ್ಲಿ ಮುಚ್ಚಿರುತ್ತದೆ, ಉಳಿದದ್ದು ಮಂಜುಗಡ್ಡೆ. ಅಳಿಯಂದಿರು ಇಳಿಯುವುದಾದರೆ ಶೂ ತಳಕ್ಕೆ ಕಟ್ಟಿಕೊಳ್ಳುವ ಮುಳ್ಳಿನ ಪಟ್ಟಿ ಸಿಗುತ್ತದೆ, ಮೈಕ್ರೋಸ್ಪೈಕ್ ಅಂತಾರೆ. ಮೇಲಿನ ದಾರಿಯಲ್ಲಿ ಬಿಸಿಲು ಬೀಳದ ಕಡೆ ನಿಮ್ಮಿಬ್ಬರಿಗೂ ಅದು ಒಳ್ಳೇದು. ಆ ಕಲ್ಲಿನ ಕಂಬಗಳು ಹುಟ್ಟಿದ್ದೂ ಇದೇ ಚಳಿಯಿಂದ. ಹಗಲು ಬಿರುಕಿಗೆ ಇಳಿದ ನೀರು ರಾತ್ರಿ ಹೆಪ್ಪುಗಟ್ಟಿ ಹಿಗ್ಗುತ್ತದೆ, ಕಲ್ಲನ್ನು ಸೀಳುತ್ತದೆ. ವರ್ಷಕ್ಕೆ 170ಕ್ಕೂ ಹೆಚ್ಚು ಸಲ ಹೀಗೆ. ಪಾರ್ಕಿಂಗ್‌ನಲ್ಲಿ ನಮ್ಮ ಅಮ್ಮನ ಕಾಲು ಜಾರಿಸಿದ ಅದೇ ನೀರು, ಅದೇ ಕೆಲಸ.

ಆರನೇ ದಿನ ಪೇಜ್. ನದಿ ಕುದುರೆ ಲಾಳದ ಹಾಗೆ ತಿರುಗುವ ಹಾರ್ಸ್‌ಶೂ ಬೆಂಡ್ ನೋಡಲು ಹೋಗಿ ಬರುವುದಕ್ಕೆ 2.4 ಕಿಲೋಮೀಟರ್ ನಡಿಗೆ. ಮಂಡಿ ಹಿಡಿದಿದ್ದರೆ ಬಿಡಿ, ಗ್ರ್ಯಾಂಡ್ ಕ್ಯಾನಿಯನ್ ಮುಂದಿದೆ. ಇಲ್ಲಿ ಗಡಿಯಾರದ ಗಲಾಟೆ ಒಂದಿದೆ, ಸರಿಯಾಗಿ ಕೇಳಿಸಿಕೊಳ್ಳಿ. ಅಮೆರಿಕದಲ್ಲಿ ಮಾರ್ಚ್ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹಾಕುತ್ತಾರೆ. ಅರಿಜೋನಾ ಹಾಕುವುದಿಲ್ಲ. ಆದರೆ ಅರಿಜೋನಾ ಒಳಗೇ ಇರುವ ನವಾಹೋ ಜನರ ಸೀಮೆ ಹಾಕುತ್ತದೆ. ಹಾಗಾಗಿ ಆ ಭಾನುವಾರದ ನಂತರ ಫೀನಿಕ್ಸ್, ವೇಗಸ್ ಒಂದೇ ಸಮಯ, ಝಯಾನ್, ಬ್ರೈಸ್, ಕನಾಬ್ ಒಂದು ಗಂಟೆ ಮುಂದೆ, ಪೇಜ್ ಮತ್ತೆ ಫೀನಿಕ್ಸ್ ಸಮಯ. ಪೇಜ್‌ನಿಂದ ಗ್ರ್ಯಾಂಡ್ ಕ್ಯಾನಿಯನ್‌ಗೆ ಹೋಗುವ ದಾರಿ ನವಾಹೋ ಸೀಮೆಯಲ್ಲಿ ಹಾಯುತ್ತದೆ, ಫೋನು ಹಿಂದೆ ಮುಂದೆ ಕುಣಿಯುತ್ತದೆ. ಪೇಜ್ ಹತ್ತಿರದ ಆಂಟಲೋಪ್ ಕ್ಯಾನಿಯನ್ ಅನ್ನುವ ಕಿರಿದಾದ ಕಲ್ಲಿನ ಸೀಳಿಗೆ ನವಾಹೋ ಗೈಡ್ ಜೊತೆ ಮಾತ್ರ ಬಿಡುತ್ತಾರೆ, ಬುಕ್ ಮಾಡುವಾಗ ಯಾವ ಸಮಯ ಅಂತ ಕೇಳಿಕೊಳ್ಳಿ. ಫೋನು ನಂಬಿ ಬುಕಿಂಗ್ ತಪ್ಪಿಸಿಕೊಂಡವರನ್ನು ಕಂಡಿದ್ದೇನೆ. ನಿಮ್ಮ ಕೈಗಡಿಯಾರವನ್ನು ಫೀನಿಕ್ಸ್ ಸಮಯದಲ್ಲೇ ಇಟ್ಟುಕೊಳ್ಳಿ, ಮುಟ್ಟಬೇಡಿ.

ಸಂಜೆಯೊಳಗೆ ಡೆಸರ್ಟ್ ವ್ಯೂ ಬಾಗಿಲಿಂದ ಗ್ರ್ಯಾಂಡ್ ಕ್ಯಾನಿಯನ್ ಒಳಗೆ ಬನ್ನಿ. ಅಲ್ಲಿರುವ ಕಲ್ಲಿನ ಗೋಪುರ 1932ರದ್ದು, ಮೇರಿ ಕೋಲ್ಟರ್ ಅನ್ನುವ ವಾಸ್ತುಶಿಲ್ಪಿ ಕಟ್ಟಿಸಿದ್ದು. ಆ ಕಾಲಕ್ಕೆ ಒಬ್ಬ ಹೆಂಗಸು ಅಂಥ ಜಾಗದಲ್ಲಿ ಅಂಥ ಕಟ್ಟಡ ನಿಲ್ಲಿಸಿದ್ದು ನನಗಂತೂ ದೊಡ್ಡ ವಿಷಯ. ಕತ್ತಲಾದ ಮೇಲೆ ಗಾಡಿ ಓಡಿಸಬೇಡಿ, ಎಲ್ಕ್ ಅನ್ನುವ ಹಸುವಿಗಿಂತ ದೊಡ್ಡ ಜಿಂಕೆಗಳು ರಸ್ತೆಗೆ ಬರುತ್ತವೆ. ಏಳನೇ ದಿನ ಪೂರ್ತಿ ಅಲ್ಲಿ. ದಕ್ಷಿಣ ಅಂಚು ವರ್ಷವಿಡೀ ತೆರೆದಿರುತ್ತದೆ, ಉತ್ತರ ಅಂಚು ಮಾರ್ಚ್‌ನಲ್ಲಿ ಮುಚ್ಚಿರುತ್ತದೆ. ಹರ್ಮಿಟ್ ರಸ್ತೆಗೆ ಮಾರ್ಚ್ 1ರಿಂದ ಶಟಲ್ ಬಸ್ ಮಾತ್ರ. ಒಂದೊಂದು ನಿಲ್ದಾಣದಲ್ಲಿ ಇಳಿದು, ಕಟ್ಟೆ ಮೇಲೆ ಕೂತು, ನೋಡಿ, ಮುಂದಿನ ಬಸ್ ಹತ್ತಿ. ಮಂಡಿ ನೋವಿನವರಿಗೆ ಇದಕ್ಕಿಂತ ಸುಖ ಇಲ್ಲ.

ಕೆಳಗೆ ಇಳಿಯುವ ಬ್ರೈಟ್ ಏಂಜಲ್ ದಾರಿ ನೋಡಿದರೆ ಸ್ವಲ್ಪ ಹೋಗಿ ಬರೋಣ ಅನ್ನಿಸುತ್ತದೆ. ಮಧುಗಿರಿಯಲ್ಲಿ ಮೊದಲು ಹತ್ತುತ್ತೇವೆ, ಸುಸ್ತಾದರೆ ಅಲ್ಲಿಂದಲೇ ಇಳಿದು ಬರುತ್ತೇವೆ. ಅಲ್ಲಿ ಲೆಕ್ಕ ತಿರುಗುಮುರುಗು. ಮೈಯಲ್ಲಿ ಕಸುವಿದ್ದಾಗ ಇಳಿಯುತ್ತೀರಿ, ಸುಸ್ತಾದಾಗ ಹತ್ತಬೇಕು. ಮಾರ್ಚ್‌ನಲ್ಲಿ ಮೇಲಿನ ತಿರುವುಗಳಲ್ಲಿ ಮಂಜುಗಡ್ಡೆ ಬೇರೆ. ಬೇಡ. ಅಂಚಿನ ಮೇಲೆ ಕೂತು ತಳದ ಕಪ್ಪು ಕಲ್ಲನ್ನು ಹುಡುಕಿ, ಅದರ ವಯಸ್ಸು ಸುಮಾರು 170 ಕೋಟಿ ವರ್ಷ. ರಾಮನಗರದಿಂದ ಪಾವಗಡದ ಕಡೆಗೆ ಹಬ್ಬಿರುವ ನಮ್ಮ ಬಂಡೆಗಳು ಸುಮಾರು 250 ಕೋಟಿ ವರ್ಷದವು. ಮೊಮ್ಮಗನಿಗೆ ಇದನ್ನು ಹೇಳಿ, ಅಜ್ಜನ ಊರ ಕಡೆಯ ಕಲ್ಲು ಇದಕ್ಕಿಂತ ಹಳೇದು ಅಂತ.

ಎಂಟನೇ ದಿನ ಫೀನಿಕ್ಸ್‌ಗೆ ವಾಪಸ್, ನಾಲ್ಕು ಗಂಟೆ.

ಇನ್ನು ಸಣ್ಣಪುಟ್ಟ ವಿಷಯ. ಮಾರ್ಚ್ ಮಧ್ಯದಲ್ಲಿ ಅಲ್ಲಿ ಕಾಲೇಜುಗಳಿಗೆ ರಜೆ, ಎಲ್ಲಾ ಕಡೆ ನೂಕುನುಗ್ಗಲು. ಈಗಲೇ ರೂಮ್ ಹಿಡಿಯಿರಿ, ಆದರೆ ರದ್ದು ಮಾಡಿದರೆ ದುಡ್ಡು ವಾಪಸ್ ಕೊಡುವ ರೂಮನ್ನೇ ಹಿಡಿಯಿರಿ. ಕನಾಬ್‌ಗೆ ಇದು ಮುಖ್ಯ. ಪ್ರವೇಶದ ದರ ಹೊರದೇಶದವರಿಗೆ 2026ರಿಂದ ಬೇರೆ ಆಗಿದೆ. ವರ್ಷದ ಪಾಸ್ ಅಲ್ಲಿಯ ನಿವಾಸಿಗಳಿಗೆ 80 ಡಾಲರ್, ಹೊರಗಿನವರಿಗೆ 250. ಪಾಸ್ ಇಲ್ಲದೆ ಹೋದರೆ ಗ್ರ್ಯಾಂಡ್ ಕ್ಯಾನಿಯನ್, ಝಯಾನ್, ಬ್ರೈಸ್ ಸೇರಿ 11 ಪಾರ್ಕ್‌ಗಳಲ್ಲಿ ಹೊರದೇಶದ ದೊಡ್ಡವರಿಗೆ ತಲೆಗೆ 100 ಡಾಲರ್ ಮೇಲೆ ಕೊಡಬೇಕು. ಮೂರು ಪಾರ್ಕ್, ಇಬ್ಬರು, ಅಲ್ಲಿಗೆ 600. ಪಾಸೇ ಲಾಭ. ಹೊರಡುವ ವಾರ ಮಗಳ ಹತ್ತಿರ ಪಾರ್ಕ್ ಸರ್ವಿಸ್‌ನ ವೆಬ್‌ಸೈಟ್ ಇನ್ನೊಂದು ಸಲ ನೋಡಿಸಿ, ರಸ್ತೆ ಮುಚ್ಚಿರುವುದೂ ಅಲ್ಲೇ ಗೊತ್ತಾಗುತ್ತದೆ.

ಬಟ್ಟೆಯನ್ನು ಪದರ ಪದರವಾಗಿ ಯೋಚಿಸಿ. ಒಳಗೆ ಥರ್ಮಲ್, ಮೇಲೆ ಅಂಗಿ, ಅದರ ಮೇಲೆ ಸ್ವೆಟರ್, ಎಲ್ಲಕ್ಕಿಂತ ಮೇಲೆ ಗಾಳಿ ನುಗ್ಗದ ಜಾಕೆಟ್. ಬಿಸಿಯಾದರೆ ಒಂದೊಂದೇ ತೆಗೆಯುತ್ತಾ ಹೋಗಬಹುದು. ನಿಮ್ಮ ಮನೆಯವರಿಗೆ ಸೀರೆಯೇ ಅಭ್ಯಾಸವಾದರೂ ಈ ಎಂಟು ದಿನಕ್ಕೆ ಚೂಡಿದಾರ್, ಉಣ್ಣೆ ಕಾಲುಚೀಲ, ತಳ ಜಾರದ ಶೂ ಒಪ್ಪಿಸಿ. ಶೂಗಳನ್ನು ಇಲ್ಲೇ ತಗೊಂಡು ಒಂದು ತಿಂಗಳು ಬೆಳಿಗ್ಗೆ ಹಾಕಿ ನಡೆಯಲಿ, ಹೊಸ ಶೂ ಅಲ್ಲಿ ಹಾಕಿದರೆ ಕಾಲು ಕಚ್ಚುತ್ತದೆ. ಮಾತ್ರೆಗಳು ಕೈಚೀಲದಲ್ಲೇ ಇರಲಿ, ಚೀಟಿ ಜೊತೆಗೆ. ಮೊದಲಿಂದ ಇರುವ ಬಿಪಿಯನ್ನೂ ಸೇರಿಸುವ ಇನ್ಶೂರೆನ್ಸ್ ಮಾಡಿಸಿ.

ಊಟಕ್ಕೆ ಕನಾಬ್, ಬೀಟಿಯಂಥ ಊರುಗಳಲ್ಲಿ ನಮ್ಮ ಬಾಯಿಗೆ ಹಿಡಿಸುವುದು ಕಷ್ಟ. ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ, ನಿಪ್ಪಟ್ಟು ಜೊತೆಗಿರಲಿ. ಫ್ರಿಜ್, ಮೈಕ್ರೋವೇವ್ ಇರುವ ರೂಮ್ ಕೇಳಿ, ಅನ್ನ ಮೊಸರು ಎಲ್ಲಿ ಬೇಕಾದರೂ ಆಗುತ್ತದೆ. ವಿಮಾನ ಇಳಿದ ಮೇಲೆ ಕಸ್ಟಮ್ಸ್‌ನವರಿಗೆ ತಿಂಡಿ ಇದೆ ಅಂತ ಹೇಳಿಬಿಡಿ, ಮುಚ್ಚಿಡಬೇಡಿ. ಹಸಿ ಕರಿಬೇವು, ಹಣ್ಣು ಮಾತ್ರ ಬೇಡವೇ ಬೇಡ. ಇನ್ನೊಂದು, ಪಾರ್ಕ್‌ಗಳ ಒಳಗೆ ಎಷ್ಟೋ ಶೌಚಾಲಯಗಳಲ್ಲಿ ನೀರೇ ಇರುವುದಿಲ್ಲ. ಒಂದು ಸಣ್ಣ ಬಾಟಲಿ ಅದಕ್ಕೇ ಅಂತ ಬೇರೆ ಇಟ್ಟುಕೊಳ್ಳಿ. ಇದನ್ನು ಯಾರೂ ಮೊದಲು ಹೇಳುವುದಿಲ್ಲ, ಆಮೇಲೆ ಎಲ್ಲರೂ ಒದ್ದಾಡುತ್ತಾರೆ.

ವಿಮಾನದ ಟಿಕೆಟ್ ಆದ ಮೇಲೆ ತಾರೀಖು ಬರೆದು ಕಳಿಸಿ. ಯಾವ ದಿನ ಎಷ್ಟು ಹೊತ್ತಿಗೆ ಸೂರ್ಯ ಹುಟ್ಟುತ್ತಾನೆ, ಮುಳುಗುತ್ತಾನೆ ಅಂತ ನೋಡಿ ಗಂಟೆವಾರು ಬರೆದುಕೊಡುತ್ತೇನೆ. ಬ್ರೈಸ್ ದಿನಕ್ಕೆ ನಿಮ್ಮ ಮನೆಯವರ ಕೈಗವಸು ಮರೆಯಬೇಡಿ.